ನಕ್ಷತ್ರದ ಬಾಲ ತೆಗೆಯುವ ನೊಲ್ಫಾ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಪೆರಾಲಿಯೊ ಊರಿನ ತುದಿಯ ತಂಗುಮನೆಯ ಹಿತ್ತಲಿನಲ್ಲಿ ನೊಲ್ಫಾ ಟೊರೆಬ್ಲಾಂಕಾ ದ್ರಾಕ್ಷಿ ತುಂಬುವ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ನಿಂತಿದ್ದಾರೆ. ಒಂದು ಕಣ್ಣು ದೂರದರ್ಶಕದ ಮಸೂರಕ್ಕೆ ಅಂಟಿದೆ, ಇನ್ನೊಂದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಾರೆ. ತೋಳು ಮಡಚಿದ ಗಂಡಸರ ಸ್ವೆಟರ್ ಮೊಣಕಾಲಿನವರೆಗೂ ಇಳಿಬಿದ್ದಿದೆ. ಪ್ರವಾಸಿಗರು ಆಕಾಶ ನೋಡಿ, ಪಿಸ್ಕೊ ಎಂಬ ದ್ರಾಕ್ಷಿ ಸಾರಾಯಿ ಕುಡಿದು, ಈಗಷ್ಟೇ ಮಲಗಿದ್ದಾರೆ. ದ್ರಾಕ್ಷಿ ಚಪ್ಪರಗಳ ಆಚೆ ಬೆಟ್ಟದ ಅಂಚು ಬೆಳ್ಳಗಾಗುತ್ತಿದೆ. ನೆತ್ತಿಯ ಮೇಲೆ ಚೇಳಿನಾಕಾರದ ನಕ್ಷತ್ರಪುಂಜದಲ್ಲಿ ಆ ಚೇಳಿನ ಎದೆಯ ಕೆಂಪು ನಕ್ಷತ್ರ ಮಾತ್ರ ಯಾರೂ ಇಲ್ಲದಿದ್ದರೂ ಉರಿಯುತ್ತಿದೆ.

ನೊಲ್ಫಾ ಕ್ರೇಟಿನಿಂದ ಇಳಿಯುತ್ತಾರೆ. ದೂರದರ್ಶಕದ ಬುಡಕ್ಕೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಎದ್ದು ಮತ್ತೆ ಬಂದು ಕ್ರೇಟು ಹತ್ತಿ ನೋಡುತ್ತಾರೆ. ಮತ್ತೆ ಇಳಿಯುತ್ತಾರೆ. ಅರವತ್ತೆಂಟರ ಮೊಣಕಾಲು ಪ್ರತಿ ಸಲವೂ ಸಣ್ಣಗೆ ಸದ್ದು ಮಾಡುತ್ತದೆ. ನಾನು ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದೇನೆ. ಇಷ್ಟು ಬೇಗ ಎದ್ದದ್ದಕ್ಕೆ ಒಳಗೊಳಗೇ ಸಂಪಾದಕರನ್ನು ಬೈದುಕೊಳ್ಳುತ್ತಿದ್ದೇನೆ.

“ನಿಲ್ಲೋದಾದ್ರೆ ಆ ಕಡೆ ಹೋಗಿ ನಿಲ್ಲು ಮಗಳೇ” ಎನ್ನುತ್ತಾರೆ, ಕಣ್ಣು ತೆಗೆಯದೆ. “ನಿನ್ನ ಮೈಕಾವು ಇದರ ಬಾಯಿಗೆ ಬಡೀತಿದೆ. ನಕ್ಷತ್ರ ಸಾರಿನ ಥರ ಕುದೀತಿದೆ ಇಲ್ಲಿ.”

ನಾನು ಆ ಕಡೆ ಹೋಗಿ ನಿಲ್ಲುತ್ತೇನೆ. ಅಷ್ಟರಲ್ಲಿ ತಂಗುಮನೆಯ ಒಡೆಯ ಎಲಿಯೋದೊರೊ ಕಾಯೆಹಾಸ್ ಚಹಾ, ಬಿಸಿ ಬ್ರೆಡ್ಡು, ಮೇಕೆಹಾಲಿನ ಗಿಣ್ಣು ಹಿಡಿದು ಚಪ್ಪಲಿ ಎಳೆಯುತ್ತ ಬರುತ್ತಾರೆ. “ಏನಮ್ಮ ಬಾಲದಮ್ಮ, ಈವತ್ತು ಎಷ್ಟು ಬಾಲ ಕತ್ತರಿಸಿದೆ?”

“ನಿನ್ನದೊಂದು ಬಾಕಿ ಇದೆ. ಹತ್ರ ಬಾ.”

ಎಲಿಯೋದೊರೊ ನಗುತ್ತಾರೆ. ಈ ಕಣಿವೆಯಲ್ಲಿ ನೊಲ್ಫಾ ಅವರನ್ನು ‘ಬಾಲದಮ್ಮ’ ಎಂದು ಕರೆಯದವರು ಕಡಿಮೆ. ಅವರೂ ನಕ್ಕು ಸುಮ್ಮನಾಗುತ್ತಾರೆ. ಆ ಹೆಸರು ಅವರಿಗೆ ಎಷ್ಟು ಚುಚ್ಚುತ್ತದೆ ಎನ್ನುವುದು ಎಲಿಯೋದೊರೊಗೆ ಗೊತ್ತಿಲ್ಲ. ಈ ಲೇಖನ ಓದಿದ ಮೇಲೆ ಗೊತ್ತಾಗಬಹುದು.

ನೊಲ್ಫಾ ಅವರ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ನಮ್ಮ ಕಣಿವೆಯ ಮನೆಮನೆಯಲ್ಲಿರುವ ದೂರದರ್ಶಕಗಳಲ್ಲಿ ಎರಡು ಕನ್ನಡಿಗಳಿರುತ್ತವೆ. ಕೊಳವೆಯ ತಳದಲ್ಲಿ ದೊಡ್ಡದು, ಬಾಯಿಯ ಹತ್ತಿರ ಮರಿಗನ್ನಡಿ. ದೊಡ್ಡದು ಹಿಡಿದ ಬೆಳಕನ್ನು ಮರಿ ನಮ್ಮ ಕಣ್ಣಿಗೆ ದಾಟಿಸುತ್ತದೆ. ಇವೆರಡೂ ಒಂದಕ್ಕೊಂದು ನೆಟ್ಟಗೆ ಮುಖ ಕೊಟ್ಟು ಕೂತಿರಬೇಕು. ಒಂದು ಚೂರು ವಾರೆಯಾದರೂ ದುಂಡಗಿರಬೇಕಾದ ನಕ್ಷತ್ರಕ್ಕೆ ಒಂದು ಕಡೆ ಬಾಲ ಮೂಡುತ್ತದೆ, ಚಂದ್ರ ಮಂಕಾಗುತ್ತಾನೆ. ಪ್ರವಾಸಿಗರು ಕೊಟ್ಟ ಕಾಸು ದಂಡವೆಂದು ಗೊಣಗುತ್ತಾರೆ. ಆಗ ಎಲ್ಲರೂ ನೊಲ್ಫಾಗೆ ಫೋನು ಮಾಡುತ್ತಾರೆ.

ವಾರೆಯಾಗಲು ನೂರು ಕಾರಣ. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಎತ್ತಿಡುವಾಗ ಬಾಗಿಲಿಗೆ ಬಡಿಯುತ್ತದೆ. ಗಣಿಗೆ ಹೋಗುವ ಲಾರಿಗಳು ರಸ್ತೆಯನ್ನೇ ನಡುಗಿಸುತ್ತವೆ. ಇನ್ನು ಭೂಮಿ ಒಮ್ಮೆ ಮೈ ಕೊಡವಿದರಂತೂ ಮುಗಿಯಿತು, ನಾಯಿಗಳ ಬೊಗಳು ನಿಲ್ಲುವ ಮೊದಲೇ ನೊಲ್ಫಾ ಅವರ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಅವರು ಬಸ್ಸು ಹಿಡಿದು, ಕೆಲವೊಮ್ಮೆ ದ್ರಾಕ್ಷಿ ಟ್ರಾಕ್ಟರಿನ ಹಿಂದೆ ಕೂತು, ಊರೂರು ಸುತ್ತುತ್ತಾರೆ. ಚೀಲದಲ್ಲಿ ಒಂದು ಸ್ಪ್ಯಾನರು, ಒಂದು ಮೆತ್ತನೆ ಬ್ರಶ್ಶು, ನಡುವೆ ಸೂಜಿತೂತು ಇರುವ ಔಷಧಿ ಡಬ್ಬಿಯ ಮುಚ್ಚಳ, ಒಂದು ಫ್ಲಾಸ್ಕು. ಕೆಲಸ ಬೆಳಗಿನ ಜಾವವೇ ಆಗಬೇಕು. ಕನ್ನಡಿ ರಾತ್ರಿಯೆಲ್ಲ ತಣಿದಿರುತ್ತದೆ, ಕಣಿವೆಯ ಗಾಳಿ ಇನ್ನೂ ಎದ್ದಿರುವುದಿಲ್ಲ. ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಒಣದ್ರಾಕ್ಷಿ, ಕೆಲವರು ಪಪಾಯದ ಮುರಬ್ಬ ಕೊಡುತ್ತಾರೆ. ಅವರು ಎಲ್ಲವನ್ನೂ ಒಂದೇ ಮುಖಭಾವದಲ್ಲಿ ತೆಗೆದುಕೊಳ್ಳುತ್ತಾರೆ.

ಇಷ್ಟು ಮನೆಗಳ ದೂರದರ್ಶಕ ನೆಟ್ಟಗೆ ಮಾಡುವ ನೊಲ್ಫಾ ಅವರ ಸ್ವಂತ ಮನೆಯ ದೂರದರ್ಶಕ ಮಾತ್ರ ನೆಟ್ಟಗಿಲ್ಲ. ಎರಡು ವರ್ಷದಿಂದ ಅಂಗಳದಲ್ಲಿ ತಾಡಪಾಲು ಹೊದ್ದು ಕೂತಿದೆ. ಅದರ ದೊಡ್ಡ ಕನ್ನಡಿ ಈಗ ಅಡುಗೆಮನೆಯ ಮೇಜಿನ ಮೇಲೆ ಮರದ ಪೆಟ್ಟಿಗೆಯಲ್ಲಿದೆ. ರಾಜಧಾನಿ ಸಾಂಟಿಯಾಗೊಗೆ ಹೋಗಿ ಹೊಸ ಹೊಳಪು ಹಚ್ಚಿಸಿಕೊಂಡು ಈ ವಾರವಷ್ಟೇ ಬಸ್ಸಿನಲ್ಲಿ ವಾಪಸು ಬಂದಿದೆ. ಕನ್ನಡಿಯ ನಡುವೆ ಒಂದು ಸಣ್ಣ ಕಾಗದದ ಉಂಗುರ ಅಂಟಿಸಬೇಕು. ಎಲ್ಲಿ ಅಂಟಿಸುವುದು ಎನ್ನುವುದು ಅವರಿಗೆ ತೀರ್ಮಾನವಾಗಿಲ್ಲ. ಕೇಳಿದವರಿಗೆ ಇದೂ ಒಂದು ಚಿಂತೆಯೇ ಎನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಆ ದೂರದರ್ಶಕವನ್ನು ಮಾಡಿದವರು ಅವರ ಗಂಡ ಓವಿದಿಯೊ. ಪಿಸ್ಕೊ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಕೊಕಿಂಬೊ ಬಂದರಿನ ಗುಜರಿಯಲ್ಲಿ ಹಡಗಿನ ಕಿಟಕಿಯ ದಪ್ಪ ಗಾಜೊಂದನ್ನು ಹಿಡಿದು ತಂದರು. ಒಂದು ಕಡೆ ಅಂಚು ಬೆರಳಗಲ ಒಡೆದಿತ್ತು, ಅದಕ್ಕೇ ಅಗ್ಗಕ್ಕೆ ಸಿಕ್ಕಿತ್ತು. ಅಂಗಳದಲ್ಲಿ ಎಣ್ಣೆ ಡ್ರಮ್ಮು ನಿಲ್ಲಿಸಿ, ಅದರ ಮೇಲೆ ಗಾಜಿಟ್ಟು, ಸುತ್ತ ಸುತ್ತುತ್ತ ಎರಡು ಚಳಿಗಾಲ ಉಜ್ಜಿ ದೊಡ್ಡ ಕನ್ನಡಿಯಾಗಿಸಿದರು. ಮರಳುಪುಡಿಗೆ ನೀರು ಹನಿಸುತ್ತಿದ್ದವರು ನೊಲ್ಫಾ. ಆಳೆತ್ತರ ಮೀರಿದ ಆ ಕೊಳವೆಗೆ ಊರವರು ‘ಲಾರ್ಗೊ’ ಎಂದು ಹೆಸರಿಟ್ಟರು. ಉದ್ದನೆಯವನು ಎಂದರ್ಥ, ಉದ್ದಣ್ಣ ಅನ್ನಿ.

ಶನಿವಾರ ಸಂಜೆ ಉದ್ದಣ್ಣನ ಮುಂದೆ ಊರೇ ಸಾಲು ನಿಲ್ಲುತ್ತಿತ್ತು. ಕಣಿವೆಯಲ್ಲಿ ನಕ್ಷತ್ರ ತೋರಿಸಿ ಹೊಟ್ಟೆ ಹೊರೆಯುವ ಕಾಲ ಇನ್ನೂ ಬಂದಿರಲಿಲ್ಲ, ಓವಿದಿಯೊ ಪುಕ್ಕಟೆ ತೋರಿಸುತ್ತಿದ್ದರು. ನಾನೂ ಶನಿಯ ಉಂಗುರವನ್ನು ಮೊದಲು ನೋಡಿದ್ದು ಅದರಲ್ಲೇ, ಅಜ್ಜಿಯ ಸೊಂಟದ ಮೇಲೆ ಕೂತು. ಈಗ ಗುಡ್ಡದ ಮೇಲಿನ ವೀಕ್ಷಣೆ ಕಟ್ಟೆಗೆ ಅವರ ಹೆಸರಿದೆ. ಹೆಂಚಿನ ಮೇಲೆ ನೀಲಿ ಅಕ್ಷರದಲ್ಲಿ ಬರೆದಿದ್ದಾರೆ.

ಕನ್ನಡಿ ನೆಟ್ಟಗೆ ಮಾಡುವುದು ನಿಜವಾಗಿ ಇಬ್ಬರ ಕೆಲಸ. ಒಬ್ಬರು ಮೇಲೆ ಕಣ್ಣಿಟ್ಟು ನೋಡುತ್ತ ಹೇಳಬೇಕು, ಇನ್ನೊಬ್ಬರು ತಳದಲ್ಲಿ ಕೂತು ತಿರುಪು ತಿರುಗಿಸಬೇಕು. ಉದ್ದಣ್ಣನಿಗೆ ಕಣ್ಣು ನೊಲ್ಫಾ, ಕೈ ಓವಿದಿಯೊ. ಮೊದಮೊದಲು ಎಡ ಬಲ ಎಂದು ಕೂಗಿಕೊಂಡು ನೋಡಿದರು. ಎದುರುಬದುರು ಇದ್ದವರಿಗೆ ಒಬ್ಬರ ಎಡ ಇನ್ನೊಬ್ಬರ ಬಲವಾಗಿ, ಪಕ್ಕದ ಮನೆಯವರು ದೀಪ ಹಾಕುವ ಮಟ್ಟಕ್ಕೆ ಜಗಳ ಹೋಯಿತು. ಕೊನೆಗೆ ಮೂರು ತಿರುಪುಗಳಿಗೆ ಓವಿದಿಯೊ ಅವರ ಮೂವರು ಅಕ್ಕಂದಿರ ಅಡ್ಡಹೆಸರು ಇಟ್ಟುಕೊಂಡರು.

“ದೊಡ್ಡವಳು ತನ್ನ ಪಾಡಿಗೆ ತಾನು ತಿರುಗ್ತಾಳೆ, ತೊಂದ್ರೆ ಇಲ್ಲ” ಎಂದು ನೊಲ್ಫಾ ವಿವರಿಸುತ್ತಾರೆ. “ಕಿವುಡಿಗೆ ಎರಡು ಸಲ ಹೇಳ್ಬೇಕು. ಸಿಡುಕಿ ಇದಾಳಲ್ಲ, ಅವಳನ್ನ ಒಂದು ಚೂರು ಜಾಸ್ತಿ ಮುಟ್ಟಿದ್ರೂ ಎಲ್ಲಾ ಕೆಡಿಸಿ ಕೂತ್ಕೊತಾಳೆ. ಅವನ ಅಕ್ಕಂದಿರು ಹಬ್ಬಕ್ಕೆ ಬಂದಾಗ ಈ ಹೆಸರು ಬಾಯಿಗೆ ಬರದ ಹಾಗೆ ನೋಡ್ಕೊಳ್ಳೋದೇ ಒಂದು ಕಷ್ಟ.”

ಹೆಸರಿಟ್ಟ ಮೇಲೆ ಆ ಜಗಳ ನಿಂತಿತು, ಇನ್ನೊಂದು ಹುಟ್ಟಿತು. ದೊಡ್ಡ ಕನ್ನಡಿಯ ನಟ್ಟನಡುವೆ ಓವಿದಿಯೊ ಒಂದು ಗುರುತು ಅಂಟಿಸಿದ್ದರು. ಶಾಲೆಯ ಹಾಳೆಗಳ ತೂತು ಹರಿಯದಂತೆ ಅಂಟಿಸುತ್ತಾರಲ್ಲ, ಆ ಕಾಗದದ ಉಂಗುರ. ಮಸೂರದ ಜಾಗದಲ್ಲಿ ಸೂಜಿತೂತಿನ ಮುಚ್ಚಳ ಇಟ್ಟು ನೋಡುವಾಗ ತೂತಿನ ಬಿಂಬ ಆ ಉಂಗುರದೊಳಗೆ ಕೂತರೆ ಕನ್ನಡಿ ನೆಟ್ಟಗಾಯಿತೆಂದು ಲೆಕ್ಕ. ಕೂತಿದೆ ಎನ್ನುತ್ತಿದ್ದರು ನೊಲ್ಫಾ. ಆದರೆ ಮಸೂರ ಹಾಕಿ ನಕ್ಷತ್ರ ನೋಡಿದರೆ ಒಂದು ಕಡೆ ಬಾಲ.

“ಬಾಲ ಇದೆ ಮುದುಕಾ, ಅಂತೀನಿ. ಉಂಗುರದಲ್ಲಿ ಕೂತಿದ್ಯೋ ಇಲ್ವೋ, ಅಂತಾನೆ. ಕೂತಿದೆ, ಆದ್ರೆ ಬಾಲ ಇದೆ. ಹಾಗಾದ್ರೆ ಬಾಲ ನಿನ್ನ ಕಣ್ಣಲ್ಲಿದೆ, ಅಂತಾನೆ. ಅಲ್ಲಿಗೆ ಮಾತು ಮುಗೀತು.”

ಓವಿದಿಯೊ ಸ್ವತಃ ನೋಡುತ್ತಿರಲಿಲ್ಲವೇ ಎಂದು ಕೇಳುತ್ತೇನೆ. ನೋಡುತ್ತಿದ್ದರು, ಸೋಡಾಬಾಟಲಿಯ ತಳದಂಥ ಕನ್ನಡಕ ಏರಿಸಿಕೊಂಡು. ತನ್ನ ಕಣ್ಣಿಗೆ ಬೀದಿದೀಪಕ್ಕೂ ಬಾಲವಿದೆ ಎಂದು ನಗುತ್ತಿದ್ದರಂತೆ. ತನ್ನ ಕಣ್ಣನ್ನು ನಂಬದ ಮನುಷ್ಯ ಹೆಂಡತಿಯ ಕಣ್ಣನ್ನೂ ನಂಬಲಿಲ್ಲ, ತಾನೇ ಅಂಟಿಸಿದ ಉಂಗುರವನ್ನು ನಂಬಿದರು. ಸಾಲಿನಲ್ಲಿ ನಿಂತವರಿಗೆ ಶನಿಯ ಉಂಗುರ ಕಂಡರೆ ಸಾಕಿತ್ತು, ಅದು ಸ್ವಲ್ಪ ಮಂಕಾಗಿದೆಯೆಂದು ಯಾರಿಗೆ ಗೊತ್ತಾಗಬೇಕು? ಓವಿದಿಯೊ ಅವರಿಗೆಲ್ಲ ತಮಾಷೆ ಮಾಡುತ್ತಿದ್ದರು: “ನನ್ನ ಹೆಂಡ್ತಿಗೆ ಎಲ್ಲಾ ನಕ್ಷತ್ರಕ್ಕೂ ಬಾಲ ಕಾಣುತ್ತೆ. ಹುಷಾರು, ನಿಮಗೂ ಹುಡುಕ್ತಾಳೆ.” ಜನ ನಕ್ಕರು. ಬಾಲದಮ್ಮ ಎಂಬ ಹೆಸರು ಹುಟ್ಟಿದ್ದು ಹೀಗೆ.

ಒಮ್ಮೆ ನೊಲ್ಫಾ ಯಾರಿಗೂ ಹೇಳದೆ ಲಾ ಸೆರೆನಾ ಪಟ್ಟಣಕ್ಕೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದರು. ಯಾವ ದೋಷವೂ ಇಲ್ಲವೆಂದರು ಡಾಕ್ಟರು. ಖುಷಿಯಿಂದ ಮನೆಗೆ ಬಂದು ಹೇಳಿದರೆ ಓವಿದಿಯೊ, “ಡಾಕ್ಟರು ನಿನ್ನ ಕಣ್ಣು ನೋಡಿದ್ದು ಹಗಲಲ್ಲಿ” ಎಂದರಂತೆ.

“ಸಿಟ್ಟು ಬರಲಿಲ್ವಾ?” ಎಂದೆ.

“ಬಂತು. ಆಮೇಲೆ ನನಗೇ ಅನುಮಾನ ಬಂತು. ಮನೇಲಿ ದಿನಾ ಹೇಳ್ತಿದ್ರೆ, ಊರೆಲ್ಲ ಹೇಳ್ತಿದ್ರೆ, ನೀನೂ ನಂಬ್ತೀಯ. ಬಾಲ ಕಂಡ್ರೂ ಕಂಡಿಲ್ಲ ಅನ್ನೋಕೆ ಶುರು ಮಾಡ್ದೆ. ಸರಿಯಾಗಿದೆ ಮುದುಕಾ, ಬಾ ನೋಡು, ಅಂತಿದ್ದೆ. ಅವನಿಗೂ ಸಮಾಧಾನ, ನನಗೂ ಬೇಗ ಚಹಾ.”

ಎರಡು ವರ್ಷದ ಹಿಂದೆ ಓವಿದಿಯೊ ನಿದ್ದೆಯಲ್ಲೇ ಹೋದರು. ಮಕ್ಕಳಿಲ್ಲ. ಓವಿದಿಯೊ ಅವರ ಅಕ್ಕಂದಿರು ಮೂವರೂ ದೂರದ ಉತ್ತರದಲ್ಲಿದ್ದಾರೆ. ಗಂಡ ತೀರಿ ಕೆಲವೇ ವಾರಗಳಾಗಿದ್ದಾಗ ಎಲಿಯೋದೊರೊ ಅವರ ತಂಗುಮನೆಯ ದೂರದರ್ಶಕ ಬಿದ್ದು ಕೆಟ್ಟಿತು. ಏನು ಮಾಡುವುದೆಂದು ತೋಚದೆ ಅವರು ಓವಿದಿಯೊ ಮನೆಯ ಬಾಗಿಲು ಬಡಿದರು. ಬಡಿದ ಮೇಲೆ ನೆನಪಾಗಿ, ತಲೆ ತಗ್ಗಿಸಿ ವಾಪಸು ಹೊರಟವರನ್ನು ನೊಲ್ಫಾ ತಡೆದರು. “ಮನೇಲಿ ಕೂತು ಮಾಡೋದೇನಿತ್ತು? ನಡಿ, ನಾನೇ ಬರ್ತೀನಿ ಅಂದೆ.”

ಆವತ್ತು ಇಬ್ಬರ ಕೆಲಸವನ್ನು ಮೊದಲ ಸಲ ಒಬ್ಬರೇ ಮಾಡಿದರು. ಹತ್ತಿ ಇಳಿದು, ಹತ್ತಿ ಇಳಿದು, ಬಿಂಬವನ್ನು ಆ ಕನ್ನಡಿಯಲ್ಲೂ ಇದ್ದ ಉಂಗುರದಲ್ಲಿ ಕೂರಿಸಿದರು. ನಂತರ ಮಸೂರ ಹಾಕಿ ನಕ್ಷತ್ರ ನೋಡಿದರು. ನಕ್ಷತ್ರ ದುಂಡಗಿತ್ತು. ಸುತ್ತ ಬೆಳಕಿನ ಸಣ್ಣ ಬಳೆ, ಎಲ್ಲ ಕಡೆ ಒಂದೇ ಸಮ. ಬಾಲ ಇರಲಿಲ್ಲ.

“ಕಣ್ಣು ಉಜ್ಕೊಂಡೆ. ಇನ್ನೊಂದು ಕಣ್ಣಲ್ಲಿ ನೋಡ್ದೆ. ಇಲ್ಲ. ಬೇರೆ ನಕ್ಷತ್ರಕ್ಕೆ ತಿರುಗಿಸ್ದೆ, ಅದಕ್ಕೂ ಇಲ್ಲ. ಅಲ್ಲೇ ಆ ಕಲ್ಲಿನ ಮೇಲೆ ಕೂತ್ಬಿಟ್ಟೆ. ಎಲಿಯೋದೊರೊ ಬಂದು, ಗಂಡನ ನೆನಪಾಯ್ತಾ ಅಂತ ಕೇಳ್ದ. ಹೂಂ ಅಂದೆ. ಸುಳ್ಳೇನಲ್ಲ.”

ಮನೆಗೆ ಬಂದವರು ಉದ್ದಣ್ಣನ ತಳ ಬಿಚ್ಚಿ, ಯಾವತ್ತೂ ಕೈ ಹಚ್ಚದ ಕನ್ನಡಿಯನ್ನು ಹೊರಗೆ ತೆಗೆದರು. ಓವಿದಿಯೊ ನಡುವನ್ನು ಹುಡುಕಿದ ಬಗೆ ಅವರಿಗೆ ನೆನಪಿತ್ತು. ಗಾಜನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ ಎರಡು ಸಲ ಮಡಚಿದ್ದರು. ಮಡಿಕೆಗಳು ಸೇರಿದ ಕಡೆ ಸೂಜಿ ಚುಚ್ಚಿದ್ದರು. ಆದರೆ ಗಾಜಿನ ಒಂದು ಅಂಚು ಬೆರಳಗಲ ಒಡೆದಿತ್ತಲ್ಲ, ಒಡೆದ ಅಂಚನ್ನೂ ಅಂಚೆಂದೇ ಎಣಿಸಿ ಮಡಚಿದ್ದರು. ಹಾಗಾಗಿ ನಡು ಅರ್ಧ ಬೆರಳಗಲ ಆಚೆ ಸರಿದಿತ್ತು. ಅಷ್ಟೇ ತಪ್ಪು. ಬಿಂಬ ಉಂಗುರದಲ್ಲಿ ಸರಿಯಾಗಿಯೇ ಕೂರುತ್ತಿತ್ತು, ಉಂಗುರವೇ ಕೂರಬೇಕಾದ ಕಡೆ ಕೂತಿರಲಿಲ್ಲ.

“ನನ್ನ ಕೇಳಿದ್ರೆ ಹೇಳ್ತಿದ್ದೆ” ಎನ್ನುತ್ತಾರೆ ನೊಲ್ಫಾ. ಅವರ ಅಡುಗೆಮನೆಯಲ್ಲಿ ಕೂತಿದ್ದೇವೆ. ಅವರ ಮುಂದೆ ಬೂದಿಯಲ್ಲಿ ಸುಟ್ಟ ದುಂಡನೆಯ ರೊಟ್ಟಿಯಿದೆ, ಒಂದು ಕಡೆ ಅಂಚು ಮುರಿದು ಬಿದ್ದಿದೆ. ಚಾಕುವಿನ ತುದಿಯನ್ನು ಅದರ ನಡುವೆ ಇಡುತ್ತಾರೆ. “ಜೀವನ ಪೂರ್ತಿ ರೊಟ್ಟಿ ಕತ್ತರಿಸಿದೀನಿ. ಅಂಚು ಮುರೀತು ಅಂತ ರೊಟ್ಟಿಯ ನಡು ಓಡಿ ಹೋಗುತ್ತಾ?”

ತಪ್ಪು ಕಂಡಾಗ ಅದನ್ನು ಹೇಳಲು ಯಾರೂ ಇರಲಿಲ್ಲ. ಈ ಮಾತನ್ನು ಅವರು ಅಳುತ್ತ ಹೇಳಲಿಲ್ಲ, ರೊಟ್ಟಿ ಕತ್ತರಿಸುತ್ತಲೇ ಹೇಳಿದರು. ಅಷ್ಟು ವರ್ಷಗಳ ವಾದ ಗೆದ್ದು ಕೈಗೆ ಬಂದಾಗ ಸೋಲಬೇಕಾದವನೇ ಮನೆಯಲ್ಲಿಲ್ಲ. ಇದಕ್ಕಿಂತ ಒಂಟಿತನ ಬೇರೆ ಏನಿದೆಯೋ ನನಗೆ ಗೊತ್ತಿಲ್ಲ.

ಕನ್ನಡಿಯನ್ನು ಹಾಗೇ ವಾಪಸು ಜೋಡಿಸಿದರು. ಉಂಗುರ ಮುಟ್ಟಲಿಲ್ಲ. ಯಾರಿಗೂ ಹೇಳಲಿಲ್ಲ. ಕಣಿವೆಯ ಮನೆಗಳಿಂದ ಒಂದೊಂದೇ ಕರೆ ಬರತೊಡಗಿತು, ಹೋದರು. ದೊಡ್ಡ ಕೊಳವೆ ಸಿಕ್ಕರೆ ಪೊರಕೆ ಕೋಲಿನ ತುದಿಗೆ ಸ್ಪ್ಯಾನರು ಕಟ್ಟಿ, ಮೇಲಿಂದಲೇ ತಿರುಗಿಸುವ ಉಪಾಯವನ್ನೂ ಕಂಡುಕೊಂಡರು. ಯಾವ ಮನೆಯಲ್ಲೂ ಬಾಲ ಉಳಿಯಲಿಲ್ಲ. ಬಾಲದಮ್ಮ ಎಂಬ ಹೆಸರು ಮಾತ್ರ ಉಳಿಯಿತು. ಜನ ಈಗ ಅದನ್ನು ಹೊಗಳಿಕೆಯೆಂದೇ ತಿಳಿದು ಕರೆಯುತ್ತಾರೆ.

“ಉದ್ದಣ್ಣನಿಗೂ ಆ ಪೊರಕೆ ಕೋಲು ಹಾಕಬಹುದಲ್ಲ?” ಎಂದು ಕೇಳಿ ನಾನು ಬೈಸಿಕೊಂಡೆ.

“ಅದು ಇಬ್ಬರ ಟೆಲಿಸ್ಕೋಪು ಮಗಳೇ. ಅದಕ್ಕೆ ಪೊರಕೆ ಹಾಕ್ತೀಯಾ?” ಮತ್ತೆ ಅವರೇ ಹೇಳುತ್ತಾರೆ: “ಅದನ್ನ ಸರಿ ಮಾಡಿದ್ರೆ ನಾನು ಗೆದ್ದೆ ಅಂತ ಆಯ್ತು. ಗೆದ್ದ ಮೇಲೆ ಜಗಳ ಆಡೋಕೆ ಏನು ಉಳೀತು? ದಿನಾ ಬೆಳಿಗ್ಗೆ ಚಹಾ ಕುಡೀತಾ ಅವನ ಜೊತೆ ಒಂದು ಸುತ್ತು ಜಗಳ ಆಡ್ತೀನಿ, ಗೊತ್ತಾ. ಉಂಗುರ ಸರಿಯಿಲ್ಲ ಮುದುಕಾ ಅಂತೀನಿ. ಅವನು ಬಾಯಿ ಬಿಡಲ್ಲ. ಅಷ್ಟಾದ್ರೂ ಇದೆಯಲ್ಲ ಮನೇಲಿ.”

ಇನ್ನೂ ಒಂದು ಭಯವಿತ್ತು. ಗುಡ್ಡದ ಮೇಲಿನ ಕಟ್ಟೆಯಲ್ಲಿ ಓವಿದಿಯೊ ಹೆಸರಿದೆ. ಊರಿಗೆ ಆಕಾಶ ತೋರಿಸಿದವನು ತನ್ನ ಕನ್ನಡಿಯ ನಡುವನ್ನೇ ಸರಿಯಾಗಿ ಗುರುತಿಸಿರಲಿಲ್ಲ ಎಂದರೆ ಜನ ನಗುತ್ತಾರೆ. ತನ್ನ ಕಣ್ಣಿಗೆ ನಕ್ಕ ಹಾಗೆ ಅವನ ಕೈಗೆ ನಗುವುದು ಅವರಿಗೆ ಬೇಡವಾಗಿತ್ತು. ಅದಕ್ಕೇ ನನಗೂ ಮೊದಲ ದಿನ ಷರತ್ತು ಹಾಕಿದ್ದರು, ಬಸ್ಸಿನ ವಿಷಯ ಬರಿ, ಒಣದ್ರಾಕ್ಷಿ ವಿಷಯ ಬರಿ, ಉಂಗುರದ ವಿಷಯ ಬೇಡ ಎಂದು.

ತಾಡಪಾಲಿನ ಕೆಳಗೆ ಕೂತರೂ ಕನ್ನಡಿಗೆ ವಯಸ್ಸಾಗುವುದು ತಪ್ಪಲಿಲ್ಲ. ಕಳೆದ ಚಳಿಗಾಲದಲ್ಲಿ ಹೊಳಪಿನ ಲೇಪ ಅಲ್ಲಲ್ಲಿ ಎದ್ದು, ಗಾಜು ಕಾಣತೊಡಗಿತು. ಹಾಗೇ ಬಿಟ್ಟರೆ ಓವಿದಿಯೊ ಉಜ್ಜಿದ ಗಾಜಿಗೇ ಕಲೆ ಬೀಳುತ್ತದೆ. ಹೊಸ ಹೊಳಪು ಹಚ್ಚಬೇಕೆಂದರೆ ಹಳೆಯದನ್ನು ಪೂರ್ತಿ ತೊಳೆಯಬೇಕು, ಉಂಗುರವೂ ಅದರ ಜೊತೆ ಹೋಗುತ್ತದೆ. ನೊಲ್ಫಾ ತಿಂಗಳುಗಟ್ಟಲೆ ಮುಂದೂಡಿದರು. ಕೊನೆಗೆ ಹಬೆಯಾಡುವ ಕೆಟಲಿನ ಮುಂದೆ ಕೂತು, ಉಗುರಿನಿಂದ ಮೆಲ್ಲಗೆ ಉಂಗುರ ಬಿಡಿಸಿ, ಗಂಡನ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ಕನ್ನಡಿಯನ್ನು ಬಸ್ಸಿಗೆ ಹಾಕಿದರು.

ಈಗ ಅದು ಮೇಜಿನ ಮೇಲಿದೆ. ನಡುವೆ ಏನೂ ಇಲ್ಲ. ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸ ಉಂಗುರಗಳ ಪೊಟ್ಟಣ, ಇನ್ನೊಂದು ಕಡೆ ಕನ್ನಡಕದ ಡಬ್ಬಿ. ನಿಜವಾದ ನಡುವಿಗೆ ಅಂಟಿಸಿದರೆ ಓವಿದಿಯೊ ಗುರುತು ಅಳಿಯುತ್ತದೆ. ಅವರ ಜಾಗದಲ್ಲೇ ಅಂಟಿಸಿದರೆ ಬಾಲ ಹಾಗೇ ಉಳಿಯುತ್ತದೆ, ಮನೆಯಲ್ಲಿ ಜಗಳವೂ ಉಳಿಯುತ್ತದೆ.

“ನೀನಾದ್ರೆ ಏನು ಮಾಡ್ತಿದ್ದೆ?” ಎಂದರು.

ಸಂದರ್ಶನಕ್ಕೆ ಬಂದವಳು ಉತ್ತರ ಕೊಡಬಾರದು. ಆದರೂ ಬಾಯಿ ಸುಮ್ಮನಿರಲಿಲ್ಲ. “ಓವಿದಿಯೊ ಅವರ ಕನ್ನಡಿ ನಿಜವಾಗಿ ಹೇಗಿದೆ ಅಂತ ನೀವೂ ನೋಡಿಲ್ಲ, ಅವರೂ ನೋಡಿಲ್ಲ ಅಲ್ವಾ?” ಎಂದೆ.

ನೊಲ್ಫಾ ನನ್ನನ್ನೇ ದಿಟ್ಟಿಸಿದರು. ಎದ್ದು ಹೋಗಿ ಒಲೆಗೆ ಕಟ್ಟಿಗೆ ತುರುಕಿದರು. ಅದಕ್ಕೆ ಕಟ್ಟಿಗೆ ಬೇಕಿರಲಿಲ್ಲ. ಆಮೇಲೆ ಕೈ ತೊಳೆದು ಬಂದು, ಕಾಗದ ಮಡಚಿ, ಒಡೆದ ಅಂಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಡು ಹುಡುಕಿ, ಹೊಸ ಬಿಳಿ ಉಂಗುರವನ್ನು ಅಲ್ಲಿ ಅಂಟಿಸಿದರು. ಮುಗಿಯಿತು ಎಂದುಕೊಂಡೆ. ಅವರು ಕನ್ನಡಕದ ಡಬ್ಬಿ ತೆರೆದು, ಹಳದಿಯಾದ ಹಳೆ ಉಂಗುರವನ್ನು ತೆಗೆದು, ಅರ್ಧ ಬೆರಳಗಲ ಆಚೆಗೆ, ಅದು ಮೊದಲಿದ್ದ ಜಾಗದಲ್ಲೇ ಅಂಟಿಸಿದರು. ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ.

“ಅದರಿಂದ ತೊಂದರೆ ಇಲ್ವಾ?”

“ಮರಿಗನ್ನಡಿಯ ನೆರಳು ಅಲ್ಲೇ ಬೀಳೋದು. ನಡುವಿನ ಅಂಗೈಯಗಲ ಜಾಗಕ್ಕೆ ಬೆಳಕೇ ಬರಲ್ಲ. ಅವನು ಅಲ್ಲಿ ಇದ್ರೆ ಯಾರಿಗೇನು?” ಎಂದು ಹೇಳಿ, ಉಂಗುರದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. “ಯಾವುದನ್ನ ನೋಡಿ ಕೂರಿಸ್ಬೇಕು ಅಂತ ನನಗೆ ಗೊತ್ತಿದೆ.”

ಸಂಜೆ ಇಬ್ಬರೂ ಸೇರಿ ಕನ್ನಡಿಯನ್ನು ಉದ್ದಣ್ಣನ ತಳಕ್ಕೆ ಜೋಡಿಸಿದೆವು. ಮರುದಿನ ಬೆಳಗಿನ ಜಾವ ಅವರು ಏಣಿ ಹತ್ತಿದರು, ನಾನು ತಳದಲ್ಲಿ ಸ್ಪ್ಯಾನರು ಹಿಡಿದು ಕುಕ್ಕರುಗಾಲಲ್ಲಿ ಕೂತೆ. ನೆಲದಲ್ಲಿ ಅದೇ ಜಾಗ ಸವೆದು ತಗ್ಗಾಗಿತ್ತು. ನನಗಿಂತ ಭಾರದ ಯಾರೋ ವರ್ಷಗಟ್ಟಲೆ ಕೂತ ತಗ್ಗು.

“ಕಿವುಡಿಗೆ ಒಂಚೂರು.”

ತಿರುಗಿಸಿದೆ.

“ಕಿವುಡಿ ಅಂದ್ರೆ ನೀನು ಸಿಡುಕಿಯ ಮೈ ಮುಟ್ಟಿದೀಯ. ಪಕ್ಕದವಳು. ಹಾಂ. ಇನ್ನೊಂಚೂರು. ಎರಡು ಸಲ ಹೇಳ್ಬೇಕು ಅಂದಿದ್ನಲ್ಲ. ಸಾಕು. ದೊಡ್ಡವಳು, ವಾಪಸು, ಕೂದಲಷ್ಟು. ಸಾಕು, ಸಾಕು. ಬಿಟ್ಟುಬಿಡು, ಕೈ ತೆಗಿ.”

ಸೂಜಿತೂತಿನ ಮುಚ್ಚಳ ತೆಗೆದು ಮಸೂರ ಹಾಕುವ ಸದ್ದು ಕೇಳಿಸಿತು. ಕೊಳವೆ ಸ್ವಲ್ಪ ತಿರುಗಿತು, ನಿಂತಿತು. ಆಮೇಲೆ ನಾಲೆಯ ನೀರಿನ ಸದ್ದು, ದೂರದಲ್ಲಿ ಒಂದು ಕತ್ತೆ. ನನಗೆ ಕೊಳವೆ ಅಡ್ಡವಾಗಿತ್ತು, ಅವರ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು.

“ಬಾಲ ಇಲ್ಲ ಮುದುಕಾ” ಎಂದರು ನೊಲ್ಫಾ, ಮೆಲ್ಲಗೆ. “ಬಾ, ನೋಡು.”

ಆ ಮಾತು ನನಗಲ್ಲ. ನಾನು ಆ ತಗ್ಗಿನಲ್ಲಿ ಅಲುಗಾಡದೆ ಕೂತೆ. ಅವರಿಗೆ ನಾನು ಕಾಣದಿರಲಿ, ಕೊಳವೆಯ ಈ ಕಡೆ ಇರುವುದು ಯಾರೆಂದು ಇನ್ನೂ ಸ್ವಲ್ಪ ಹೊತ್ತು ಅವರಿಗೆ ಮರೆತೇ ಹೋಗಿರಲಿ ಎಂದು ಬೇಡಿಕೊಂಡೆ. ಕಾಲು ಜೋಮು ಹಿಡಿಯಿತು. ಬೆಟ್ಟದ ಅಂಚು ಬಿಳಿಯಿಂದ ಹಳದಿಗೆ ತಿರುಗಿತು. ಕೊನೆಗೆ ಚಪ್ಪಲಿಗಳು ಒಂದೊಂದೇ ಮೆಟ್ಟಿಲು ಇಳಿದು ಬಂದವು.

“ಹೋಗು, ಬೆಳಕಾಗೋದ್ರೊಳಗೆ ನೋಡ್ಕೊ” ಎಂದರು ನನಗೆ.

ಏಣಿ ಹತ್ತಿ ಕಣ್ಣಿಟ್ಟೆ. ಚೇಳಿನ ಎದೆಯ ಕೆಂಪು ನಕ್ಷತ್ರ ಒಂದು ಚುಕ್ಕಿಯಾಗಿ ನಿಂತಿತ್ತು, ದುಂಡಗೆ, ಚೂಪಾಗಿ. ಅದರ ಪಕ್ಕದಲ್ಲಿ, ಬೆಳಕಿಗೆ ಅಂಟಿಕೊಂಡಂತೆ, ಹಸಿರು ಬಣ್ಣದ ಇನ್ನೊಂದು ಸಣ್ಣ ನಕ್ಷತ್ರವಿತ್ತು. ಎಲಿಯೋದೊರೊ ಅವರ ದೂರದರ್ಶಕದಲ್ಲಿ ಅದು ನನಗೆ ಕಂಡಿರಲಿಲ್ಲ. ಅದು ಯಾವಾಗಲೂ ಅಲ್ಲೇ ಇತ್ತಾ ಎಂದು ಕೇಳಿದೆ.

“ಇತ್ತು. ಬಾಲದ ಕೆಳಗೆ ಮುಚ್ಚಿ ಹೋಗಿತ್ತು.” ನೊಲ್ಫಾ ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಂಡರು, ಮರೆಮಾಚಲಿಲ್ಲ. “ಅಷ್ಟು ಸಣ್ಣದನ್ನ ಬೇರೆ ಮಾಡಿ ತೋರಿಸೋ ಕನ್ನಡಿ ಈ ಕಣಿವೆಯಲ್ಲಿ ಬೇರೆ ಯಾವ ಮನೇಲೂ ಇಲ್ಲ. ಎಲ್ಲಾ ಮನೆಯದೂ ನೋಡಿದೀನಿ, ನನಗೆ ಗೊತ್ತು. ಇಷ್ಟು ಚೆನ್ನಾಗಿ ಉಜ್ಜಿದ್ದ, ಪಾಪ, ಅವನಿಗೇ ಗೊತ್ತಾಗ್ಲಿಲ್ಲ.”

ಒಳಗೆ ಹೋಗಿ ಒಲೆಯ ಮೇಲೆ ಕೆಟಲು ಇಟ್ಟರು. ಎರಡು ಬಟ್ಟಲು ತೆಗೆದರು, ಒಂದನ್ನು ನನ್ನ ಮುಂದೆ ತಳ್ಳಿದರು. ಚಹಾ ಕುಡಿಯುವಾಗ ಯಾರ ಜೊತೆಯೂ ಜಗಳ ಆಡಲಿಲ್ಲ. ಕಿಟಕಿಯಿಂದ ಉದ್ದಣ್ಣ ಕಾಣುತ್ತಿದ್ದ, ತಾಡಪಾಲು ನೆಲದ ಮೇಲೆ ಬಿದ್ದಿತ್ತು. ಅದನ್ನು ಹೊದಿಸಲು ಅವರು ಏಳಲಿಲ್ಲ. ಬರುವ ಶನಿವಾರ ಯಾರಾದರೂ ಬಂದರೆ ಬರಲಿ ಎಂದರು. ಏಣಿ ಹತ್ತಲು ತಾನಿದ್ದೇನೆ, ತಳದಲ್ಲಿ ಕೂರುವವರು ಒಬ್ಬರು ಸಿಕ್ಕರೆ ಸಾಕು ಎಂದರು.

ಹೊರಡುವಾಗ ಉಂಗುರದ ವಿಷಯ ಬರೆಯುವುದಿಲ್ಲ, ಹೆದರಬೇಡಿ ಎಂದೆ. ಅವರು ಬಾಗಿಲವರೆಗೂ ಬಂದರು.

“ಬರಿ” ಎಂದರು. “ಬಾಲದಮ್ಮನ ಕಣ್ಣು ಸರಿಯಾಗೇ ಇತ್ತು ಅಂತ ಬರಿ. ಅದಕ್ಕಿಂತ ಮೊದಲು, ಓವಿದಿಯೊನ ಕನ್ನಡಿ ಸರಿಯಾಗಿತ್ತು ಅಂತ ಬರಿ.”